ಮೂಳೆ ಮೇಡಂ

ಮೂಳೆ ಮೇಡಂ ಅವರಿಗೆ, ಮಾಂಸದಂಗಡಿ ಚಿಕ್ಕಪ್ಪನ ನಮಸ್ಕಾರ.

ಈ ಹೆಸರಿಟ್ಟವಳು ನನ್ನ ಹೆಂಡತಿ, ಬೈಯುವುದಿದ್ದರೆ ಅವಳನ್ನೇ ಬೈಯಿರಿ. ಕೊರಳಲ್ಲಿ ಆಸ್ಪತ್ರೆ ಕಾರ್ಡು ಹಾಕಿಕೊಂಡ ಹುಡುಗಿ ದಿನಾ ಬಂದು, ಮಾಂಸದ ಕಡೆ ಕಣ್ಣೂ ಹಾಯಿಸದೆ ಕುರಿಯ ಹಸಿಮೂಳೆ ಕೇಳಿದರೆ ಇನ್ನೇನು ಅಂದಾಳು? "ಪಾಪ, ಸಂಬಳ ಸಾಲದೇನೋ, ಸಾರಿಗೆ ನಾಲ್ಕು ತುಂಡು ಹಾಕ್ರೀ" ಎಂದು ತಿವಿಯುತ್ತಿದ್ದಳು. ನಾನು ಹಾಕಿಯೂ ಹಾಕಿದೆ. ಆ ಮಾಂಸವನ್ನೆಲ್ಲ ನೀವು ಬೀದಿನಾಯಿಗೆ ಕೊಡುತ್ತಿದ್ದಿರೆಂದು ಆಮೇಲೆ ಗೊತ್ತಾಯಿತು!

ಒಂದು ದಿನ ನೀವೇ ಬಿಡಿಸಿ ಹೇಳಿದಿರಿ. "ಮೂಳೆಯೊಳಗೊಂದು ಪ್ರೋಟೀನ್ ಇದೆ ಚಿಕ್ಕಪ್ಪ. ಅದನ್ನ ತೆಗೆದು ಏಟು ಬಿದ್ದ ಮಂಡಿಯೊಳಗಿಟ್ರೆ, ಅಲ್ಲಿನ ಜೀವಕೋಶಗಳು ಹೊಸ ಮೆದುಮೂಳೆ ಕಟ್ಟಬಹುದು." ಕಲ್ಲಿನಲ್ಲಿ ನಾರು ತೆಗೆಯೋ ಕೆಲಸ ಬಿಡಮ್ಮ ಎಂದು ನಕ್ಕೆ. ಒಳಗೊಳಗೇ ಆಸೆ ಹುಟ್ಟಿತ್ತು. ನಿಂತು ನಿಂತು ಸವೆದ ಮಂಡಿ ನನ್ನದು, ನಿಲ್ಲಲಾಗದವನಿಗೆ ಈ ಕಸುಬಿಲ್ಲ. ಅಂದಿನಿಂದ ಒಳ್ಳೆಯ ಮೂಳೆಯೆಲ್ಲ ನಿಮಗೇ ಎತ್ತಿಟ್ಟೆ. ಸ್ವಾರ್ಥವೇ ಅನ್ನಿ.

ಎಷ್ಟು ಸಲ ಕೆಟ್ಟಿತು ನಿಮ್ಮ ಕೆಲಸ! ಬಿಸಿ ಚೂರು ಹೆಚ್ಚಾದರೂ ಎಲ್ಲ ಹಾಳು ಎನ್ನುತ್ತಿದ್ದಿರಿ. ಮುಖ ಬಾಡಿದರೂ ಮರುದಿನ ಬರುವುದನ್ನು ಬಿಡಲಿಲ್ಲ. ಅಬ್ಬಾ, ಏನು ಛಲ ನಿಮ್ಮದು!

ಕೊನೆಗೆ ಮನುಷ್ಯರ ಮೇಲೆ ಪರೀಕ್ಷೆ ಶುರುವಾದಾಗ ಎಕ್ಸ್‌ರೇ ಹಿಡಿದು ಓಡಿ ಬಂದೆ. ಓಡುವುದೆಲ್ಲಿ ಬಂತು, ಕುಂಟಿ ಬಂದೆ. ನೀವು ಬಹಳ ಹೊತ್ತು ನೋಡಿದಿರಿ. "ಇದು ಸಣ್ಣ ಗಾಯಕ್ಕೆ, ಚಿಕ್ಕಪ್ಪ. ನಿಮ್ಮದು ಪೂರ್ತಿ ಸವೆದಿದೆ. ಸುಳ್ಳು ಹೇಳಿ ನಿಮ್ಮ ಮಂಡಿ ಕೊಯ್ಸಲ್ಲ ನಾನು." ಇಷ್ಟು ವರ್ಷ ಮೂಳೆ ಕೊಟ್ಟವನಿಗೇ ಇಲ್ಲವೇ ಎಂದು ಉರಿದುಹೋಯಿತು. ಊಟ ಬಿಟ್ಟು ಮಲಗಿದೆ. ಹೆಂಡತಿ ಬಿಟ್ಟಾಳೆಯೇ? "ಆಗಲ್ಲ ಅನ್ನೋಕೂ ಗುಂಡಿಗೆ ಬೇಕ್ರೀ. ನಿಮ್ಮ ಮಂಡಿ ವಾಸಿ ಆಗತ್ತೆ ಅಂದೋರೆಲ್ಲ ಏನು ಕಡಿದು ಕಟ್ಟೆ ಹಾಕಿದ್ರು?"

ನಿನ್ನೆ ನೀವು ಒಬ್ಬಳನ್ನು ಅಂಗಡಿಗೆ ಕರೆತಂದಿರಿ. ನೆಲಕ್ಕೆ ಟೈಲ್ಸ್ ಹಾಕುವವಳು, ಬಿದ್ದು ಮಂಡಿ ಕೆಡಿಸಿಕೊಂಡವಳು, ನಿಮ್ಮ ಪ್ರೋಟೀನ್ ಪಡೆದವಳು. ನನ್ನ ಮುಂದೆಯೇ ಕುಕ್ಕರುಗಾಲಲ್ಲಿ ಕೂತಳು, ಏನನ್ನೂ ಹಿಡಿಯದೆ ಎದ್ದಳು. "ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ" ಎಂದಳು. ನಾನು ಆ ಕಡೆ ತಿರುಗಿಕೊಂಡೆ. ಈರುಳ್ಳಿ ಹೆಚ್ಚುವ ಅಂಗಡಿಯಲ್ಲ ನೋಡಿ, ಕಣ್ಣೀರಿಗೆ ನೆಪವೂ ಸಿಗಲಿಲ್ಲ. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ, ದೇವರಾಣೆ. ನಿಮ್ಮ ಮೇಲೆ ಹೆಮ್ಮೆಯಾಯಿತು.

ಬರುವ ತಿಂಗಳು ಅಂಗಡಿ ಅಳಿಯನ ಕೈಗೆ. ನನ್ನಿಂದ ಇನ್ನು ನಿಲ್ಲಲಾಗದು. ಅವನ ಮಂಡಿ ಇನ್ನೂ ಗಟ್ಟಿಯಿದೆ. ಅದು ಸವೆದು ಹೋಗುವಷ್ಟರಲ್ಲಿ, ಪೂರ್ತಿ ಸವೆದ ಮಂಡಿಗೂ ನೀನು ದಾರಿ ಹುಡುಕಿರಬೇಕು. ಇದು ಕೋರಿಕೆಯಲ್ಲ ಮಗಳೇ, ಚಿಕ್ಕಪ್ಪನ ಅಪ್ಪಣೆ.

ನಿನ್ನ ಕೈ ಸೋಲದಿರಲಿ, ನೂರು ಕಾಲ ಬಾಳು.

ಇಂತಿ,
ಕುರ್ಚಿಯಲ್ಲಿ ಕೂತೇ ಹರಸುತ್ತಿರುವ
ನಿನ್ನ ಚಿಕ್ಕಪ್ಪ