ಬೆನ್ನಿನ ನೀರು ಹೇಳಿದ ಮಾತು

ಸಂಡೂರು
೧೪ ನವೆಂಬರ್ ೨೦೨೪, ಗುರುವಾರ

ನನ್ನ ಯಲ್ಲೇಶ್ ಮಾವನಿಗೆ,

ಗಂಗೋತ್ರಿಯ ನಮಸ್ಕಾರ. ಮೈಯಲ್ಲಿ ಹುಷಾರಾಗಿದ್ದೀಯಾ? ಒಡಿಶಾದ ಗಣಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಫೋನ್ ಎತ್ತಿದ್ದರೆ ಇದನ್ನೆಲ್ಲ ಬಾಯಲ್ಲೇ ಕೇಳುತ್ತಿದ್ದೆ. ಇಪ್ಪತ್ತು ದಿನದಿಂದ ಎತ್ತಿಲ್ಲ. ಅದಕ್ಕೇ ಇವತ್ತು ನಿನ್ನಲ್ಲಿಗೆ ಹೊರಟಿರುವ ಲಿಂಗರಾಜ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಮದುವೆಯಾದ ಮೇಲೆ ನಿನ್ನನ್ನು ‘ನೀವು’ ಅನ್ನಬೇಕೆಂದು ಅಜ್ಜಿ ಕಲಿಸಿದಳು. ಸಿಟ್ಟು ಬಂದಾಗ ಮಾತ್ರ, ನೀನು ಬರೀ ಅಮ್ಮನ ತಮ್ಮನಾಗಿದ್ದ ಕಾಲದ ‘ನೀನು’ ಬಂದುಬಿಡುತ್ತದೆ.

ಮಗನಿಗೆ ನಾಲ್ಕು ತಿಂಗಳು ತುಂಬಿತು. ಕತ್ತು ಇನ್ನೂ ನಿಂತಿಲ್ಲ. ಹಾಲು ಮೂಗಿನ ನಳಿಕೆಯಿಂದಲೇ. ನಿನ್ನೆ ಆರು ಸಲ ಫಿಟ್ಸ್ ಬಂತು. ಬಿಕ್ಕಳಿಸಿದಾಗಲೆಲ್ಲ ಅಜ್ಜಿ ಎದೆ ಸವರಿ, “ಅವರಪ್ಪ ಭಾಳ ನೆನಸಾಕತ್ತಾನ” ಅನ್ನುತ್ತಾಳೆ. ಏಳನೇ ತಿಂಗಳಲ್ಲಿ ಹೊಟ್ಟೆಯೊಳಗೇ ಬಿಕ್ಕಳಿಸಿದಾಗ, ತೀರಿಹೋದ ಅಜ್ಜ ನೆನೆಯುತ್ತಿದ್ದಾನೆಂದು ಓಣಿಗೆಲ್ಲ ಬೆಲ್ಲ ಹಂಚಿದ್ದಳಲ್ಲ. ನಾವಿಬ್ಬರೂ ನಗುತ್ತ ತಿಂದೆವು. ಬಳ್ಳಾರಿಯ ಡಾಕ್ಟರಮ್ಮ ಮೊದಲು ವಿಚಾರಿಸಿದ್ದೇ ಆ ಬಿಕ್ಕಳಿಕೆಯನ್ನು; ಅದು ಈ ಕಾಯಿಲೆಯ ಗುರುತಂತೆ.

ಬೆನ್ನಿನ ನೀರು ತೆಗೆದ ದಿನ ನನ್ನ ಕಣ್ಣಿಂದ ಹೋಗುವುದಿಲ್ಲ. ಒಂಬತ್ತು ದಿನದ ಕೂಸನ್ನು ನರ್ಸ್ ಬಾಗಿಸಿ ಹಿಡಿದಳು, ನೀನು ಹೊರಗೆ ಓಡಿದೆ. ಆದರೆ ಆ ನೀರನ್ನೂ ಜೊತೆಗೇ ತೆಗೆದ ರಕ್ತವನ್ನೂ ಐಸಿನ ಡಬ್ಬಿಯಲ್ಲಿಟ್ಟು, ತೊಡೆಯಿಂದ ಇಳಿಸದೆ ಬೆಂಗಳೂರಿನ ಲ್ಯಾಬಿಗೆ ಒಯ್ದವನೂ ನೀನೇ. ಗ್ಲೈಸಿನ್ ಎಂಬ ಅಮೈನೋ ಆಮ್ಲ ಎಲ್ಲರಲ್ಲೂ ಇರುತ್ತದಂತೆ. ಇವನ ಮೈಗೆ ಅದನ್ನು ಕರಗಿಸಲು ಬಾರದೆ, ರಕ್ತಕ್ಕೆ ಹೋಲಿಸಿದರೆ ಬೆನ್ನಿನ ನೀರಿನಲ್ಲಿ ಇರಬಾರದಷ್ಟು ಸೇರಿಕೊಂಡಿದೆ. ಔಷಧಿ ಅದನ್ನು ತಗ್ಗಿಸಬಹುದು, ಮಗುವನ್ನು ನೆಟ್ಟಗೆ ಮಾಡಲಾರದು. “ದೋಷ ನಿಮ್ಮಿಬ್ಬರಲ್ಲೂ ಅಡಗಿ ಕೂತೈತ್ರಿ, ಒಂದೇ ಮನೆತನ ಅಲ್ಲೇನ್ರಿ?” ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಹೊರಗೆ ಬಂದು ನೀನು ಅಜ್ಜಿಗೆ ಹೇಳಿದ್ದೇ ಬೇರೆ: “ಹೆರಿಗಿ ತಡ ಆತಬೇ, ಉಸಿರು ಕಟ್ಟಿತ್ತಂತ.” ಮಗಳ ಮಗಳನ್ನು ಆಸೆಪಟ್ಟು ಮಗನಿಗೆ ತಂದುಕೊಂಡವಳ ಎದೆ ಒಡೆಯಬಾರದೆಂದು ಹಾಗೆಂದೆ. ಪಕ್ಕದಲ್ಲಿ ನಿಂತು ನಾನೂ ತಲೆಯಾಡಿಸಿದೆ. ಆ ಸುಳ್ಳಿನಲ್ಲಿ ನನ್ನ ಪಾಲೂ ಇದೆ, ಮಾವ. ನನ್ನ ಸಿಟ್ಟು ನೀನು ನನ್ನೊಬ್ಬಳನ್ನೇ ಅದರ ಜೊತೆ ಬಿಟ್ಟು ಹೋದದ್ದಕ್ಕೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗನ ಕಾಲ್ಬೆರಳು ನಿನ್ನ ಹಾಗೇ ಉದ್ದ. ಅಜ್ಜಿ ಆಶೀರ್ವಾದ ಹೇಳಿದ್ದಾಳೆ, ಲಿಂಗರಾಜ್ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇಟ್ಟಿದ್ದಾಳೆ.

ನಿನ್ನ ಅಕ್ಕನ ಮಗಳು, ನಿನ್ನ ಹೆಂಡತಿ,
ಗಂಗೋತ್ರಿ

ತಾ.ಕ.: ಲಿಂಗರಾಜ್ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ತಮ್ಮ ಪಾಲಪ್ಪನಿಗೆ ನನ್ನ ತಂಗಿ ಶಿಲ್ಪಶ್ರೀಯನ್ನು ತರುವುದೆಂದು ಅಜ್ಜಿ ಮಾತಾಡಿದ್ದಾಳೆ. ಸೋಮವಾರ ಕಂಪ್ಲಿಯಲ್ಲಿ ಅಮ್ಮನ ಮನೆಯಲ್ಲಿ ಎಲೆಅಡಿಕೆ ಬದಲಿಸಿ ನಿಶ್ಚಯ ಮಾಡುತ್ತಾರೆ. ನಿನ್ನೆ ಅಜ್ಜಿಗೆ ನಿಜ ಹೇಳಿದೆ, ಮೊದಲು ಇಬ್ಬರ ರಕ್ತ ನೋಡಿಸೋಣ ಎಂದೆ. “ನನ್ನ ಮಗ ಹಂಗ ಹೇಳಿಲ್ಲ. ತಂಗಿ ಮ್ಯಾಲೆ ಹೊಟ್ಟಿಕಿಚ್ಚು ಬ್ಯಾಡ” ಅಂದಳು. ಶಿಲ್ಪಾ ಮಾತು ಬಿಟ್ಟಿದ್ದಾಳೆ. ನೀನು ನನಗಾಗಿ ಬರಬೇಡ, ಮಗನಿಗಾಗಿಯೂ ಬೇಡ. ಸೋಮವಾರದೊಳಗೆ ಅಜ್ಜಿಗೆ ಒಂದು ಫೋನ್ ಮಾಡಿ, ಹೆರಿಗೆ ತಡವಾಗಿರಲಿಲ್ಲ ಎಂದು ಹೇಳು.