ಎಡಕ್ಕೆ ಎರಡು ಬೆರಳು

ಓಸೇರ್ ಬಂದರುಕಟ್ಟೆ,
14 ಸೆಪ್ಟೆಂಬರ್ 1987

ಪ್ರೀತಿಯ ತಂಗಿ ಸೊಲಾಂಜ್,

ಹೇಗಿದ್ದೀಯೆ? ನಿನ್ನ ಕಾಗದ ಬಂದು ಒಂದು ಬೇಸಿಗೆಯೇ ಕಳೆಯಿತು. ಬೈಯುವುದಿದ್ದರೆ ಪೂರ್ತಿ ಓದಿ ಬೈ. ನೆಲದವನನ್ನು ಕಟ್ಟಿಕೊಂಡು ನೆಲದವಳಾದ ನಿನಗೆ ದೋಣಿಯವರ ಸೋಮಾರಿತನ ಮರೆತೇಹೋಗಿರಬೇಕು.

ನಲವತ್ತು ವರ್ಷ ಕಾಲುವೆ ದಂಡೆಯ ಈ ಊರುಗಳ ಬುಡದಲ್ಲೇ ದೋಣಿಯಲ್ಲಿ ಕಲ್ಲಿದ್ದಲು, ಗೋಧಿ ಸಾಗಿಸಿದೆವು. ಕಟ್ಟೆಯ ಬ್ರೆಡ್ಡಿನಂಗಡಿ ಬಿಟ್ಟರೆ ಏನೂ ನೋಡಿರಲಿಲ್ಲ. ಈಗ ಸರಕಿಲ್ಲ, ಅವಸರವೂ ಇಲ್ಲ. ನಿನ್ನ ಭಾವ ಕ್ಲೋವಿಸ್‌ನ ಕಣ್ಣು ಮಂಜಾಗುತ್ತಿದೆ. ಪೂರ್ತಿ ಹೋಗುವುದರೊಳಗೆ ಎಲ್ಲ ಊರೂ ತೋರಿಸಬೇಕೆಂದು ನಾನೇ ಹಟ ಹಿಡಿದು ಹೊರಡಿಸಿದೆ.

ಬ್ರಿಯಾರ್‌ನಲ್ಲಿ ಸೇತುವೆಯ ಮೇಲೆ ನಮ್ಮ ಕಾಲುವೆ, ಕೆಳಗೆ ಲ್ವಾರ್ ನದಿ. ಎಷ್ಟು ಸಲ ದಾಟಿದ್ದೆವೋ! ಈ ಸಲ ಎಂಜಿನ್ ನಿಲ್ಲಿಸಿ ನೋಡಿದೆವು. ಎಂಥ ಚೆಂದವೇ!

"ನೀರು ಯಾವ ಬಣ್ಣ, ಹೇಳೇ" ಅಂದ.

"ನಿನ್ನ ಹಳೇ ಕೋಟಿನ ಬಣ್ಣ."

"ಕೊಳಕು ಅನ್ನು, ಸಾಕು" ಎಂದು ನಕ್ಕ.

ಓಸೇರ್‌ನಲ್ಲಿ ಹಳೇ ಮರದ ಮನೆಗಳ ಓಣಿಯಲ್ಲಿ ನಡೆದೆವು. ಅವನು ಹಿಂದೆ ಚುಕ್ಕಾಣಿಯಲ್ಲಿ, ನಾನು ಮುಂದೆ ತುದಿಯಲ್ಲಿ ದಾರಿ ಕೂಗುತ್ತ, ಹಾಗೇ ಸಂಸಾರ ಮಾಡಿದವರಿಗೆ ಜೋಡಿಯಾಗಿ ನಡೆಯಲು ಬರುವುದಿಲ್ಲ. ಓಣಿ ಕಿರಿದಾದಾಗ ಅಭ್ಯಾಸಬಲದಿಂದ "ಎಡಕ್ಕೆ ಎರಡು ಬೆರಳು!" ಎಂದು ಕೂಗಿಬಿಟ್ಟೆ. ಹೋಟೆಲಿನ ಮಾಣಿ ತಟ್ಟೆ ಸಮೇತ ಹಾರಿದ.

"ಏನಮ್ಮಾ, ಇವರೇನು ಹಡಗಾ?"

"ಹಡಗಲ್ಲಪ್ಪಾ, ಗಂಡ. ಬೇಗ ತಿರುಗಲ್ಲ."

ಕ್ಲೋವಿಸ್ ಮಾತ್ರ ಸರಿಯಾಗಿ ಎರಡೇ ಬೆರಳು ತಿರುಗಿದ್ದ.

ಅವನ ಕೈಗೆ ಈಗಲೂ ಸಾಟಿಯಿಲ್ಲ. ನಿನ್ನೆ ಕಾಲುವೆಯ ನೀರು ಏರಿಸಿ ಇಳಿಸುವ ಗೇಟಿನಲ್ಲಿ, ಎರಡೂ ಬದಿಗೆ ಅಂಗೈಯಷ್ಟೂ ಜಾಗವಿಲ್ಲ, ದೋಣಿಯ ಮುಂತುದಿ ಅವನಿಗೆ ಕಾಣುವುದೂ ಇಲ್ಲ. ನನ್ನ ಕೂಗು ಕೇಳಿಕೊಂಡೇ, ಗೋಡೆಗೆ ತಾಗದಂತೆ ಒಳಗೆ ತಂದ. ಗೇಟಿನವನು ಟೋಪಿ ತೆಗೆದು, "ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಾಯ್ತಲ್ಲ ಯಜಮಾನ್ರೇ!" ಅಂದ.

"ನನ್ನ ಕಣ್ಣು ಅಗೋ, ಮುಂದೆ ನಿಂತಿದೆ. ಅದಕ್ಕೆ ಹೇಳಿ" ಅಂದ ಕ್ಲೋವಿಸ್. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಕೂಗಿ ಕೂಗಿ ಗಂಟಲು ಒಡೆದಿದ್ದೂ ಮರೆತುಹೋಯಿತು.

ನಿನ್ನ ಒಲೆ ಬೆಚ್ಚಗಿರಲಿ, ಮಕ್ಕಳು ಚೆನ್ನಾಗಿರಲಿ.

ನಿನ್ನ ಅಕ್ಕ,
ಲಿಯೊನಿ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಗಂಟಲು ಒಡೆದದ್ದು ಕೂಗಿ ಅಲ್ಲ ಕಣೇ, ಒಳಗೆ ಗಡ್ಡೆ ಇದೆ. ಮುಂದಿನ ತಿಂಗಳು ಆಪರೇಷನ್. ಜೀವ ಉಳಿಯುತ್ತದಂತೆ, ದನಿ ಉಳಿಯುವುದಿಲ್ಲವಂತೆ. ಕ್ಲೋವಿಸ್‌ಗೆ ಇನ್ನೂ ಹೇಳಿಲ್ಲ. ಈ ದನಿ ಇರುವಾಗಲೇ ನಾನೇ ಹೇಳುತ್ತೇನೆ. ಚಿಕ್ಕಂದಿನಲ್ಲಿ ನಮ್ಮಿಬ್ಬರಲ್ಲಿ ಯಾರು ಕೂಗಿದರೆಂದು ಅಪ್ಪನಿಗೂ ತಿಳಿಯುತ್ತಿರಲಿಲ್ಲ, ನೆನಪಿದೆಯಾ? ಇನ್ನೂ ಕೆಲವು ಊರು ಉಳಿದಿವೆ. ಬಾರೇ. ನಾನು ಬೆರಳು ತೋರಿಸುತ್ತೇನೆ, ನೀನು ಕೂಗು.