ಗಾರೋವ್‌ಗೆ ಮಾತ್ರೆ ಬೇಡ

ಅತ್ತೆ,

ಡಾಕ್ಟರ್ ಹೇಳುವ ತನಕ ಗಾರೋವ್‌ಗೆ ಮಾತ್ರೆ ಕೊಡಬೇಡಿ. ಇವತ್ತು ಬೆಳಿಗ್ಗೆ ಒಗ್ನೆನ್‌ನ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಲು ಹೊರಡುವ ಮುಂಚೆ ನೀವು ಕೀಲುನೋವಿನ ಮಾತ್ರೆ ಕೊಟ್ಟಿದ್ದೀರಿ. ಎದ್ದ ಮೇಲೆ ನಾನೂ ಕೊಟ್ಟೆ. ಆಮೇಲೆ ಒಲೆಯ ಬಳಿ, ನೀವು ಮಾತ್ರೆಯನ್ನು ಕೆನೆಯಲ್ಲಿ ಹುದುಗಿಸಿ ಕೊಟ್ಟ ಚಮಚ ಕಂಡಿತು.

ಡಾಕ್ಟರ್ ಝೋರಿತ್ಸಾಗೆ ಫೋನ್ ಮಾಡಿದೆ. "ಇರೋದೊಂದು ಮುದಿ ನಾಯಿ, ನೀವಿಬ್ಬರು ಹೆಂಗಸರು. ಒಬ್ಬರಿಗೊಬ್ಬರು ಮಾತೇ ಆಡಲ್ವೇನ್ರೀ?" ಅಂದರು.

ನೀರಿನ ಬಟ್ಟಲು ತುಂಬಿಸಿಡಿ. ವಾಂತಿ ಮಾಡಿದರೆ, ಮಲ ಕಪ್ಪಗಾದರೆ, ತಕ್ಷಣ ಅವರಿಗೆ ಫೋನ್ ಮಾಡಿ. ಈ ವಯಸ್ಸಿನಲ್ಲಿ ಎರಡೆರಡು ಮಾತ್ರೆಯನ್ನು ಮೂತ್ರಪಿಂಡ ತಡೆದುಕೊಳ್ಳುವುದಿಲ್ಲವಂತೆ. ಪಾಪ ಎಂದು ಹಂದಿಕೊಬ್ಬು ಹಾಕಬೇಡಿ. ಕೆಲಸ ಮುಗಿಸಿ ನಾಲ್ಕಕ್ಕೆ ಬಂದು ನಾನೇ ತೋರಿಸಲು ಕರೆದೊಯ್ಯುತ್ತೇನೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಒಗ್ನೆನ್ ಇದ್ದಾಗ ಅವನು ಮಾತ್ರೆ ಕೊಟ್ಟರೆ ಇಡೀ ಮನೆಗೆ, ಕಿಟಕಿ ತೆರೆದಿದ್ದರೆ ಪಕ್ಕದ ಮನೆಗೂ ಗೊತ್ತಾಗುತ್ತಿತ್ತು: "ಬಾರೋ ತಾತಾ, ನಿನ್ನ ಪಿಂಚಣಿ ಬಂತು!" ನಾವಿಬ್ಬರೂ ಅವನ ಕೆಲಸವನ್ನು ಸದ್ದಿಲ್ಲದೆ ಮಾಡಿದೆವು, ಅಷ್ಟೆ.

ಗಾರೋವ್ ಚೇತರಿಸಿಕೊಂಡ ಮೇಲೆ ಮಾತ್ರೆ ನೀವೇ ಕೊಡಿ, ಅತ್ತೆ. ನಿಮ್ಮ ಮಗನ ಹಾಗೆಯೇ ಕೂಗಿ ಕೊಡಿ. ನಾನು ಹಾಸಿಗೆಯಲ್ಲೇ ಮಲಗಿ ಕೇಳಿಸಿಕೊಳ್ಳುತ್ತೇನೆ.

ನೆವೆನಾ